ಫ್ರಾನ್ಸ್, ಹಾಲೆಂಡ್ ಮತ್ತು ಅತ್ತೆಯ ಶೇಂಗಾ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಟವಲಿನ ಬಣ್ಣ ಹಸಿರು ಎಂದು ನನಗೆ ಖಾತ್ರಿಯಾಗಿ ನೆನಪಿದೆ, ಖಾತ್ರಿಯಾಗಿರುವುದರಿಂದಲೇ ಅನುಮಾನ. ರಾಯಚೂರಿನ ಗಂಜಿನಲ್ಲಿ, ಅಂದರೆ ಕಾಳುಕಡಿಯ ಸಗಟು ಮಾರುಕಟ್ಟೆಯಲ್ಲಿ, ಟವಲಿನ ಕೆಳಗೆ ಕೈ ಹಿಡಿದು ದರ ಕುದುರಿಸುವ ಪದ್ಧತಿ ಆ ಹೊತ್ತಿಗೆ ನಿಂತೇ ಹೋಗಿತ್ತು, ಚೀಟಿ ಬರೆದು ಹಾಕುವ ಕ್ರಮ ಬಂದಿತ್ತು ಎಂದು ನನ್ನ ತಮ್ಮ ವಾದಿಸುತ್ತಾನೆ. ಇರಬಹುದು. ಆದರೆ ಸರಕಾರ ನಿಲ್ಲಿಸಿದ್ದು ಒಂದೇ ದಿನಕ್ಕೆ ಎಲ್ಲ ಮೂಲೆಗಳಲ್ಲೂ ನಿಲ್ಲುವುದಿಲ್ಲ, ಮತ್ತು ನಾವು ಹೋದದ್ದು ಒಂದು ಮೂಲೆಗೇ. ನಾನು ಆಗಲೂ ಡೈರಿ ಬರೆಯುತ್ತಿದ್ದೆ. ಆ ದಿನದ ಪುಟದಲ್ಲಿ ಇರುವುದು ಇಷ್ಟು: ‘ಬಿಸಿಲು. ಮಂಡಾಳ ಒಗ್ಗರಣಿ, ಮಿರ್ಚಿ ಭಜಿ. ಅತ್ತೆ ನಕ್ಕಿದ್ದೇ ನಕ್ಕಿದ್ದು.’ ಯಾಕೆ ನಕ್ಕಳು ಎಂದು ಬರೆಯುವ ಬುದ್ಧಿ ಬರಲಿಲ್ಲ. ಮಿರ್ಚಿ ನೆನಪಿಡಬೇಕಾದ ಸಂಗತಿ ಎನ್ನಿಸಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದೆ. ಸೆಮಿನಾರಿಗೆ ಮೇಷ್ಟ್ರು ಕೊಟ್ಟ ವಿಷಯ, ಯುರೋಪಿನ ಎರಡು ದೇಶಗಳಲ್ಲಿ ಕಾಳು ಮತ್ತು ಎಣ್ಣೆಬೀಜ ಹೊಲದಿಂದ ಗಿರಣಿಯವರೆಗೆ ಸಾಗುವ ದಾರಿಗಳ ಹೋಲಿಕೆ. ಯಾವ ದೇಶ ಯಾರಿಗೆ ಎಂದು ಚೀಟಿ ಎತ್ತಿದೆವು. ನನ್ನ ಪಾಲಿಗೆ ಫ್ರಾನ್ಸ್ ಮತ್ತು ಹಾಲೆಂಡ್ ಬಂದವು. ನಾನು ಅಲ್ಲಿಯವರೆಗೆ ನೋಡಿದ್ದ ಅತಿ ದೂರದ ದೇಶ ಸೊಲ್ಲಾಪುರ. ಲೈಬ್ರರಿಯಲ್ಲಿ ಸಿಕ್ಕ ಒಂದೇ ಪುಸ್ತಕವನ್ನು ಹೊತ್ತುಕೊಂಡು ದೀಪಾವಳಿ ರಜೆಗೆ ರಾಯಚೂರಿನ ಮನೆಗೆ ಬಂದೆ. ಪಡಸಾಲೆಯಲ್ಲಿ ಚಾರ್ಟ್ ಹಾಳೆ ಹರಡಿಕೊಂಡು ಚೌಕ ಬರೆಯುವುದು, ಚೌಕದಿಂದ ಚೌಕಕ್ಕೆ ಬಾಣ ಎಳೆಯುವುದು. ಎರಡು ದೇಶ ಸಿದ್ಧವಾಗುತ್ತಿದ್ದವು.

ಆಗ ಅತ್ತೆ ಬಂದಳು. ಅಪ್ಪನ ತಂಗಿ, ದೇವದುರ್ಗ ತಾಲೂಕಿನ ಮಸರಕಲ್ಲಿಗೆ ಕೊಟ್ಟಿದ್ದರು. ಅವಳ ಗಂಡ ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರ ಕಟ್ಟುವ ಕೆಲಸಕ್ಕೆ ಸೇರಿದ ಮೇಲೆ ಹೊಲ ಇವಳ ಕೈಗೆ ಬಂದಿತ್ತು. ಬಿತ್ತಿಸುವುದು, ಕಳೆ ತೆಗೆಸುವುದು, ಶೇಂಗಾ ಕೀಳಿಸಿ ಒಣಗಿಸುವುದು ಎಲ್ಲ ಅವಳದೇ. ಮಾರುವುದು ಮಾತ್ರ ಮೈದುನನದು.

ಅತ್ತೆ ಬಂದವಳೇ ಸೊಂಟದ ಮೇಲೆ ಕೈ ಇಟ್ಟುಕೊಂಡು ಹಾಳೆಯ ಮೇಲೆ ಬಗ್ಗಿದಳು.

‘ಇದೇನಬೇ, ಬರೇ ಚೌಕ, ಬರೇ ಬಾಣ? ರಂಗೋಲಿ ಹಾಕಾಕತ್ತೀಯೇನು?’

ನಾನು ಗಂಭೀರವಾಗಿ ವಿವರಿಸಿದೆ. ಫ್ರಾನ್ಸಿನಲ್ಲಿ ರೈತರೇ ಕೂಡಿ ಕಟ್ಟಿದ ಸಂಘಗಳಿವೆ. ಗೋಧಿ ಸಂಘದ ಉಗ್ರಾಣಕ್ಕೆ ಹೋಗಿ ಅಲ್ಲಿಂದ ಗಿರಣಿಗೆ ಹೋಗುತ್ತದೆ. ಹಾಲೆಂಡಿನವರು ಬೆಳೆಯುವುದಕ್ಕಿಂತ ತರಿಸುವುದು ಹೆಚ್ಚು. ಎಣ್ಣೆಬೀಜ ಹಡಗಿನಲ್ಲಿ ಬಂದರಿಗೆ ಬಂದು ಅಲ್ಲೇ ಗಿರಣಿಗೆ ಬೀಳುತ್ತದೆ.

‘ಹಂಗಾರ ಹಾಲೆಂಡ್ ಅಂದ್ರ ನಿಮ್ಮ ರಾಯಚೂರು. ತಾ ಬೆಳಿಯಂಗಿಲ್ಲ, ಮಂದೀದು ತಂದು ಎಣ್ಣಿ ಹಿಂಡತದ. ಫ್ರಾನ್ಸ್ ನಮ್ಮ ದೇವದುರ್ಗ.’

‘ದೇವದುರ್ಗದಾಗ ಸಂಘ ಎಲ್ಲದ ಅತ್ತಿ?’

‘ಅದೂ ಖರೇ’ ಎಂದು ಅತ್ತೆ ಫ್ರಾನ್ಸನ್ನು ಕೈಬಿಟ್ಟಳು. ಆಮೇಲೆ ರೈತನ ಚೌಕದಿಂದ ಹೊರಟ ಬಾಣದ ಮೇಲೆ ಬೆರಳಿಟ್ಟಳು. ‘ಇದರಾಗ ಯಾರು ಕುಂತಾರ?’

‘ಬಾಣದಾಗ ಯಾರೂ ಕುಂದ್ರಂಗಿಲ್ಲ. ಅದು ದಾರಿ.’

‘ನನ್ನ ಬಾಣದಾಗ ನನ್ನ ಮೈದುನ ಕುಂತಾನ. ಕಾಲ ಮ್ಯಾಲ ಕಾಲು ಹಾಕ್ಕೊಂಡು, ಸಿನಿಮಾ ನೋಡಕೋತ.’

ಮೈದುನ ಕೆಟ್ಟವನಲ್ಲ. ತಂದ ಹಣವನ್ನು ಇದ್ದದ್ದು ಇದ್ದಂತೆ ಅತ್ತೆಯ ಕೈಗೆ ಹಾಕುತ್ತಿದ್ದ, ಅದನ್ನು ಅವಳೇ ಒಪ್ಪುತ್ತಿದ್ದಳು. ಅವನ ಒಂದೇ ದೌರ್ಬಲ್ಯ ಮ್ಯಾಟ್ನಿ ಶೋ. ಮಸರಕಲ್ಲಿನಿಂದ ರಾಯಚೂರಿಗೆ ಬರುವುದೇ ವರ್ಷದಲ್ಲಿ ನಾಲ್ಕಾರು ಸಲ. ಬಂದ ಮೇಲೆ ಸಿನಿಮಾ ನೋಡದೆ ಹೋಗುವುದು ಅವನಿಂದಾಗದು. ಟಾಕೀಸಿನ ಗಂಟೆ ಹೊಡೆಯುವುದರೊಳಗೆ ಶೇಂಗಾ ಮಾರಿರಬೇಕು, ಹಾಗಾಗಿ ಟವಲಿನ ಕೆಳಗೆ ಯಾರು ಮೊದಲು ಎಷ್ಟು ಬೆರಳು ಹಿಡಿದರೂ ‘ಆತು ಬಿಡ್ರಿ’. ಬೇರೆಯವರಿಗೆ ಎಷ್ಟು ಸಿಕ್ಕಿತು ಎಂದು ಅತ್ತೆ ಕೇಳಿದರೆ, ‘ಟವಲ್ ತಳಗಿಂದು ಮ್ಯಾಲ ಹೇಳಬಾರದು ವೈನಿ, ಗಂಜಿನ ರಿವಾಜು’ ಎನ್ನುತ್ತಿದ್ದ.

ಅತ್ತೆ ಹಾಳೆಯನ್ನು ಮತ್ತೊಮ್ಮೆ ನೋಡಿದಳು. ‘ಈ ಎರಡು ದೇಶದಾಗ ಹೆಣ್ಮಕ್ಕಳು ತಮ್ಮ ಮಾಲು ತಾವಾ ಮಾರ್ತಾರೇನು?’

ಪುಸ್ತಕದಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಕನ್ನಡಕ ಸರಿಮಾಡಿಕೊಂಡು ‘ಮಾರ್ತಾರ’ ಎಂದೆ. ಅಡಿಟಿಪ್ಪಣಿಯಿಲ್ಲದೆ ನಾನು ಮಂಡಿಸಿದ ಮೊದಲ ವಾದ ಅದು.

‘ಹಂಗಾರ ಈ ಸಲ ನಂದು ನಾನಾ ಮಾರ್ತೀನಿ. ಆಗಲಿಲ್ಲಂದ್ರ ಬರೋ ವರ್ಷ ಶೇಂಗಾನಾ ಬಿತ್ತಂಗಿಲ್ಲ. ಹೊಲಕ್ಕೆಲ್ಲ ಜೋಳ ಹಾಕಿ ರೊಟ್ಟಿ ಬಡ್ಕೊಂಡು ಕುಂದ್ರತೀನಿ.’

ಅಪ್ಪ ಪೇಪರಿನ ಹಿಂದಿನಿಂದ ‘ಟವಲ್?’ ಎಂದು ಒಂದೇ ಶಬ್ದ ಹೇಳಿದರು. ಗಂಜಿನಲ್ಲಿ ಹೆಂಗಸರಿಗೇನೂ ಕಡಿಮೆಯಿರಲಿಲ್ಲ. ಜರಡಿ ಹಿಡಿಯುವವರು, ಕೇರುವವರು, ಕಸ ಗುಡಿಸುವವರೆಲ್ಲ ಹೆಂಗಸರೇ. ಆದರೆ ಟವಲಿನ ಕೆಳಗೆ ಹೋಗುತ್ತಿದ್ದದ್ದು ಗಂಡಸರ ಕೈ ಮಾತ್ರ. ಪರ ಗಂಡಸು ಪರ ಹೆಂಗಸಿನ ಕೈ ಹಿಡಿಯುವುದು, ಅದೂ ಮರೆಯಲ್ಲಿ, ನಡುಬಜಾರಿನಲ್ಲಿ! ಟವಲು ದರ ಮುಚ್ಚಲು ಹುಟ್ಟಿದ್ದೋ ಹೆಂಗಸರನ್ನು ಹೊರಗಿಡಲು ಹುಟ್ಟಿದ್ದೋ ಎಂದು ಈಗ ಕೇಳಿಕೊಳ್ಳುತ್ತೇನೆ. ಆಗ ಕೇಳಿಕೊಂಡೆನೆಂದು ಬರೆದರೆ ಸುಳ್ಳಾದೀತು.

ಅಷ್ಟಕ್ಕೂ ಅತ್ತೆಗೆ ಬೆರಳಿನ ಭಾಷೆ ಬರುತ್ತಿರಲಿಲ್ಲ. ಮೈದುನನನ್ನು ಕೇಳುವಂತಿರಲಿಲ್ಲ. ನನಗೆ ಮಾನ್ವಿಯ ಸೋದರಮಾವ ನೆನಪಾದ. ಅವ್ವನ ತಮ್ಮ; ಕಾಲುವೆ ನೀರಿನ ಗದ್ದೆ ಕೈಗೆ ಬರುವ ಮೊದಲು ಗಂಜಿನಲ್ಲಿ ಕೆಲವು ವರ್ಷ ದಲ್ಲಾಳಿಯಾಗಿದ್ದವನು. ಅತ್ತೆಗೂ ಅವನಿಗೂ ಬೀಗರ ಸಂಬಂಧ, ಅಂದರೆ ಎದುರಾದಾಗಲೆಲ್ಲ ಒಬ್ಬರ ಕಾಲು ಒಬ್ಬರು ಎಳೆಯಲೇಬೇಕು. ಮರುದಿನ ನಾನೂ ಅತ್ತೆಯೂ ಮಾನ್ವಿ ಬಸ್ಸು ಹತ್ತಿದೆವು. ಮನೆಯಲ್ಲಿ ‘ಭತ್ತದ ವ್ಯಾಪಾರ ನೋಡಿ ಬರ್ತೀವಿ’ ಎಂದೆ. ಅದೂ ಸುಳ್ಳಲ್ಲ. ಅಲ್ಲಿ ಗಿರಣಿಯವರೇ ಗದ್ದೆಗೆ ಬರುತ್ತಿದ್ದರು. ಬದುವಿನ ಮೇಲೆ ಕೂತು ಒಂದು ತೆನೆ ಉಜ್ಜಿ, ಕಾಳು ಕಡಿದು, ಚಹಾ ಕುಡಿದು ಸುತ್ತಲಿನ ಗದ್ದೆಗಳಿಗೆಲ್ಲ ಕೇಳುವಂತೆ ದರ ಕೂಗುತ್ತಿದ್ದರು. ಜಗಳವೂ ಅಷ್ಟೇ ಬಹಿರಂಗ. ದೇವದುರ್ಗದ ಶೇಂಗಾ ಬೆರಳಿನಿಂದ, ಮಾನ್ವಿಯ ಭತ್ತ ಬಾಯಿಂದ. ಒಂದೇ ಜಿಲ್ಲೆಯಲ್ಲಿ ಎರಡು ದೇಶ ಸಿಕ್ಕವಲ್ಲ ಎಂದು ನಾನು ಬೀಗಿದೆ.

ಪಾಠಕ್ಕೆ ಕೂತಾಗ ಮೊದಲ ತೊಡಕು ಎದುರಾಯಿತು. ಮಾವ ಕೈ ಚಾಚಿದ, ಅತ್ತೆ ಸೆರಗಿನೊಳಗೆ ಕೈ ಎಳೆದುಕೊಂಡಳು.

‘ನಿಮ್ಮ ಕೈಯಾಗ ಯಾಕ ಕೊಡ್ಲಿ? ನಾಳೆ ಊರೆಲ್ಲ ಡಂಗುರ ಸಾರ್ತೀರಿ.’

‘ಬೀಗತಿ, ನಾ ಕೇಳಿದ್ದು ಬೆರಳು. ಹೊಲ ಬರಕೊಡು ಅಂದಿಲ್ಲ.’

ಒಳಗಿನಿಂದ ಮಾವನ ಹೆಂಡತಿ, ‘ಹಿಡೀರಿ, ನಾ ಏನೂ ಅನ್ನಂಗಿಲ್ಲ. ಮನ್ಯಾಗ ನನ್ನ ಕೈಯಂತೂ ಎಂದೂ ಹಿಡಿಯಂಗಿಲ್ಲ!’ ಎಂದು ಕೂಗಿದಳು. ಮಾವನಿಗೆ ನಾಚಿಕೆ ಬಂತು. ಕೊನೆಗೆ ನನ್ನನ್ನು ನಡುವೆ ಕೂರಿಸಿದರು. ಎಡಗೈ ಮೇಲೆ ಒಂದು ಟವಲು, ಬಲಗೈ ಮೇಲೆ ಒಂದು. ಮಾವ ನನ್ನ ಎಡಗೈ ಬೆರಳು ಹಿಡಿಯುವುದು, ನಾನು ಬಲಗೈಯಿಂದ ಅತ್ತೆಯ ಬೆರಳು ಹಿಡಿಯುವುದು. ಮಾವ ಜೋಳದ ದರ ಕಳಿಸಿದರೆ ಅತ್ತೆಗೆ ಬೆಳ್ಳಿಯ ದರ ಮುಟ್ಟುತ್ತಿತ್ತು.

‘ಬೀಗತಿ, ನಡುವಿನ ದಲ್ಲಾಳಿ ಎಂ.ಎ. ಓದಾಕತ್ಯಾಳ. ಅದಕ್ಕ ಮಾಲು ಕೆಡಾಕತ್ತದ.’

‘ಹುಡುಗಿ ಸರಿ ಅದಾಳ. ನಿಮ್ಮ ಬೆರಳಾ ಡೊಂಕ ಅದಾವು.’

ಕಲಿತದ್ದು, ನೆನಪಿರುವ ಮಟ್ಟಿಗೆ, ಹೀಗೆ: ಎಷ್ಟು ಬೆರಳು ಹಿಡಿದರೆ ಅಷ್ಟು ಹತ್ತು, ಇಡೀ ಪಂಜ ಹಿಡಿದರೆ ಐವತ್ತು. ನೂರರ ಲೆಕ್ಕ ಇಬ್ಬರಿಗೂ ಗೊತ್ತಿರುತ್ತದೆ, ಅದನ್ನು ಹಿಡಿಯುವುದಿಲ್ಲ. ಕೊನೆಯಲ್ಲಿ ಉಗುರಿನಿಂದ ಎದುರಿನವರ ಅಂಗೈಯಲ್ಲಿ ಬೆರಳ ತುದಿಯ ಕಡೆಗೆ ಗೀರಿದರೆ ‘ಇನ್ನೂ ಏರಿಸು’, ಮಣಿಕಟ್ಟಿನ ಕಡೆಗೆ ಗೀರಿದರೆ ‘ನಾನು ಇಳಿದೆ, ಒಪ್ಪಿಕೋ’. ಇಲ್ಲವೇ ಇದರ ಉಲ್ಟಾ, ನನಗೆ ಖಾತ್ರಿಯಿಲ್ಲ. ಈ ಕೊನೆಯದನ್ನು ಮಾವ ಎಂದೂ ಉಲ್ಟಾ ಹೇಳಿಕೊಟ್ಟಿರಲಿಲ್ಲವಂತೆ. ಅದು ನನ್ನ ಮೈಯೊಳಗಿಂದ ಹಾದು ಅತ್ತೆಗೆ ಹೇಗೆ ತಲುಪಿತೋ ನನಗೆ ಗೊತ್ತಿಲ್ಲ.

ಗಂಜಿನ ದಿನ ಬಂತು. ಶೇಂಗಾ ಬೆಳಿಗ್ಗೆಯೇ ಬಂದು, ಕಮಿಷನ್ನಿಗೆ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯ ಮುಂದೆ ರಾಶಿಯಾಗಿ ಬಿದ್ದಿತ್ತು. ಮೈದುನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಎಣ್ಣೆ ಗಿರಣಿಯೊಂದಕ್ಕೆ ಖರೀದಿ ಮಾಡುವ ಮುದುಕರೊಬ್ಬರು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಾಯಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು, ಒಡೆದರು, ಬೀಜ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಟವಲು ಬಿಚ್ಚಿ ಮೈದುನನ ಕಡೆ ಕೈ ಚಾಚಿದರು.

‘ಲೇ, ಸರಿ ಈ ಕಡಿ’ ಎಂದಳು ಅತ್ತೆ. ‘ಶೇಂಗಾ ನಂದು. ಕೈನೂ ನಂದಾ.’

ಹಮಾಲರು ಚೀಲ ಇಳಿಸುವುದನ್ನು ನಿಲ್ಲಿಸಿದರು. ಮೈದುನ, ‘ವೈನಿ, ಮರ್ಯಾದಿ ತಗೀಬ್ಯಾಡ’ ಎಂದು ಪಿಸುಗುಟ್ಟಿದ. ಮುದುಕರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

‘ಯವ್ವಾ, ಹೆಣ್ಮಗಳ ಕೈ ಹೆಂಗ ಹಿಡೀಲಿ? ಮಂದಿ ಏನಂದಾರು?’

‘ಯಪ್ಪಾ, ಬಳಿಗಾರ ಹಿಡಿಯಂಗಿಲ್ಲೇನು? ಅಂಗೈ ಒತ್ತಿ, ಬೆರಳು ಮಡಿಚಿ, ಹಿಚುಕಿ ಹಿಚುಕಿ ಬಳಿ ಏರಸ್ತಾನ. ನಮ್ಮತ್ತಿ ಎದುರಿಗೇ ಹಿಡೀತಾನ, ನನ್ನ ಗಂಡ ಬಾಜೂಕ ಕುಂತು ರೊಕ್ಕ ಕೊಡ್ತಾನ. ಇಲ್ಲೀತನ ಯಾರೂ ಏನೂ ಅಂದಿಲ್ಲ. ಅವ ಬಳಿ ಏರಸ್ತಾನ, ನೀವು ದರ ಏರಸ್ರಿ.’

ಮೊದಲು ನಕ್ಕವರು ಜರಡಿ ಹಿಡಿದ ಹೆಂಗಸರು. ಆಮೇಲೆ ಹಮಾಲರು. ಅಡತಿ ಅಂಗಡಿಯ ಸಾವಕಾರರು ಗಾದಿಯಿಂದಲೇ, ‘ಹಿಡೀರಿ ಮಾಮಾ, ಬಳಿಗಾರ ಅಂತನಾ ತಿಳ್ಕೋರಿ’ ಎಂದರು. ಮುದುಕರು ಬೇರೆ ದಾರಿ ಕಾಣದೆ ಟವಲು ಹಾಸಿದರು. ಅತ್ತೆ ಮೊಣಕೈವರೆಗೆ ಹಬ್ಬದ ಹಸಿರು ಬಳೆ ತೊಟ್ಟಿದ್ದ ಕೈಯನ್ನು ಅದರ ಕೆಳಗೆ ತೂರಿಸಿದಳು. ನಾನು ಟವಲಿಗೆ ಹಸಿರು ಬಣ್ಣ ಕೊಟ್ಟಿರುವುದು ಈ ಬಳೆಗಳಿಂದಲೇ ಇರಬೇಕು.

ಆಗ ಯಾರೂ ಎಣಿಸಿರದ ಒಂದು ಸಂಗತಿ ನಡೆಯಿತು. ಗಂಡಸರ ಕೈ ಟವಲಿನ ಕೆಳಗೆ ಸದ್ದು ಮಾಡುವುದಿಲ್ಲ. ಬಳೆ ಸುಮ್ಮನಿರುವುದಿಲ್ಲ. ಒಂದು ಬೆರಳು ಒತ್ತಿದರೆ ಒಂದು ಕಿಣಿ, ಎರಡು ಒತ್ತಿದರೆ ಎರಡು. ಅಕ್ಕಪಕ್ಕದ ರಾಶಿಗಳ ವ್ಯಾಪಾರಿಗಳು ತಮ್ಮ ವ್ಯಾಪಾರ ಬಿಟ್ಟು ಕಿವಿ ಇತ್ತ ತಿರುಗಿಸಿದರು. ಒಬ್ಬ ಹಮಾಲ ‘ಮೂರು!’ ಎಂದ. ಅತ್ತೆ ಓರೆಗಣ್ಣಿನಲ್ಲಿ ನೋಡಿದಳು. ಆಮೇಲೆ ಬಳೆ ಒಂದೇ ಸಮನೆ ಝಣಝಣ ಅನ್ನತೊಡಗಿತು, ತೊಟ್ಟಿಲು ತೂಗುವವಳ ಕೈಯ ಹಾಗೆ. ಎಣಿಸುತ್ತಿದ್ದವರೆಲ್ಲ ತಪ್ಪಿದರು. ಮುದುಕರು ತಲೆಯಾಡಿಸಿದರು, ಅತ್ತೆಯೂ ತಲೆಯಾಡಿಸಿದಳು. ಮತ್ತೆ ಝಣಝಣ. ಒಮ್ಮೆಲೇ ಸದ್ದು ನಿಂತಿತು. ಅತ್ತೆಯ ತುಟಿ ಬಿಗಿಯಾಯಿತು. ಬರುವ ವರ್ಷದ ಬಿತ್ತನೆ ಆ ಟವಲಿನ ಕೆಳಗಿತ್ತು, ಸೋತರೆ ಮೈದುನ ಅದನ್ನು ಊರೆಲ್ಲ ಆಡಿ ತೋರಿಸುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಅವಳ ಭುಜ ಸ್ವಲ್ಪ ಅಲುಗಿತು, ಉಗುರು ಗೀರಿದ್ದು ಆಗಲೇ ಇರಬೇಕು. ಮುದುಕರು ಬೆಚ್ಚಿ ಕಣ್ಣು ಬಿಟ್ಟರು, ಅತ್ತೆಯ ಮುಖವನ್ನೇ ನೋಡಿದರು. ಅತ್ತೆ ಬೇವಿನ ಮರ ನೋಡುತ್ತಿದ್ದಳು.

‘ಆತವ್ವಾ’ ಎಂದರು ಮುದುಕರು, ನಿಟ್ಟುಸಿರು ಬಿಟ್ಟು.

ಅವರು ಸಾವಕಾರರ ಕಿವಿಯಲ್ಲಿ ಹೇಳಿದ ದರ ಪಕ್ಕದ ರಾಶಿಯದಕ್ಕಿಂತ ಮೇಲಿತ್ತು, ಅದು ಆಮೇಲೆ ಅವರ ಲೆಕ್ಕದ ಪುಸ್ತಕದಲ್ಲಿ ಕಂಡಿತು. ಸಾವಕಾರರ ಹುಬ್ಬು ಏರಿದ್ದು ನನಗೆ ಕಂಡಿತು. ಮೈದುನ ದಂಗಾಗಿದ್ದ.

‘ಏನ್ ಹಿಡದಿ ವೈನಿ?’

‘ಟವಲ್ ತಳಗಿಂದು ಮ್ಯಾಲ ಹೇಳಬಾರದು ತಮ್ಮಾ, ಗಂಜಿನ ರಿವಾಜು. ಹೋಗು, ಮ್ಯಾಟ್ನಿಗೆ ಹೊತ್ತಾಗತದ.’

ಅವನು ಹೋದ. ಮುಂದಿನ ವರ್ಷವೂ ಅತ್ತೆ ಶೇಂಗಾ ಬಿತ್ತಿದಳು, ಅದರ ಮುಂದಿನ ವರ್ಷವೂ. ಎಲ್ಲವನ್ನೂ ತಾನೇ ಮಾರಿದಳು. ಮೈದುನ ನಿಶ್ಚಿಂತೆಯಿಂದ ಸಿನಿಮಾ ನೋಡಿದ. ಧಾರವಾಡದಲ್ಲಿ ಸೆಮಿನಾರಿನ ದಿನ ಒಬ್ಬರು ಎದ್ದು, ಫ್ರಾನ್ಸಿನಲ್ಲಿ ರೈತನೂ ಖರೀದಿದಾರನೂ ದರವನ್ನು ಹೇಗೆ ನಿಗದಿ ಮಾಡುತ್ತಾರೆ ಎಂದು ಕೇಳಿದರು. ನಾನು ‘ಪರಸ್ಪರ ಒಪ್ಪಿಗೆಯಿಂದ’ ಎಂದೆ. ಯಾರೂ ಅನುಮಾನಿಸಲಿಲ್ಲ.

ಅನುಮಾನ ಇದ್ದದ್ದು ನನಗೆ. ಅಂದು ಗಂಜಿನ ಹೊರಗಿನ ಹೋಟೆಲಿನಲ್ಲಿ ಅತ್ತೆ ಮಿರ್ಚಿಗಾಗಿ ಕಾಯುತ್ತ ತನ್ನ ಅಂಗೈಯನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಮಣಿಕಟ್ಟಿನ ಕಡೆಗೊಮ್ಮೆ, ಬೆರಳ ತುದಿಯ ಕಡೆಗೊಮ್ಮೆ ಉಗುರಾಡಿಸಿ ಯಾವುದೋ ಲೆಕ್ಕ ಹಾಕುತ್ತಿದ್ದಳು. ಇದ್ದಕ್ಕಿದ್ದಂತೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಗೆದ್ದ ಸಂತೋಷಕ್ಕೆ ಇಷ್ಟು ನಗೆ ಬರುತ್ತದೆಯೇ, ಅಥವಾ ಸೋಲೊಪ್ಪಲು ಹೋಗಿ ಗೆದ್ದವರು ಮಾತ್ರ ಹೀಗೆ ನಗುತ್ತಾರೆಯೇ? ಅಂದಿನಿಂದ ಸಿಕ್ಕಾಗಲೆಲ್ಲ ಕೇಳಿದ್ದೇನೆ. ಅವಳು ಮಾತು ಬದಲಿಸುತ್ತಾಳೆ, ಮೊಮ್ಮಕ್ಕಳನ್ನು ಕೂಗುತ್ತಾಳೆ, ಕಿವಿ ಕೇಳದವಳ ಹಾಗೆ ನಟಿಸುತ್ತಾಳೆ. ಅಂದು ಹೋಟೆಲಿನಲ್ಲಿ ಮೊದಲ ಸಲ ನಾನು ಕೇಳಿದ್ದು ಇಷ್ಟೇ:

‘ಅತ್ತಿ, ಖರೇ ಹೇಳು, ಕಡೀಕ ಅವರ ಅಂಗೈಯಾಗ ನೀ ಗೀರಿದ್ದು ಏರಸಾಕೋ, ಇಳಸಾಕೋ?’