ಲಾವಂಚ ಕಿತ್ತ ಜಾಗ

ಇಳಕಲ್ಲಿನ ಬಜಾರದಲ್ಲಿ ಪ್ರತಿ ಬೇಸಿಗೆಗೆ ಒಂದು ಕಟ್ಟು ಲಾವಂಚದ ಬೇರು ಕೊಂಡು ಕುಡಿಯುವ ನೀರಿನ ಕೊಡದಲ್ಲಿ ಹಾಕುತ್ತಿದ್ದೆ. ಆ ಬೇರಿನ ಮೇಲೆ ಹುಲ್ಲೂ ಇರುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಹುನಗುಂದದ ಆಚೆ ನಮ್ಮ ಚಿಗವ್ವನ ಹೊಲವಿದೆ. ಅವಳ ಗಂಡ, ನಮ್ಮ ಕಾಕಾ, ತೀರಿಕೊಂಡ ಮೇಲೆ ಬೇಸಾಯ ಅವಳದೇ. ಇಳಿಜಾರಿನ ಎರೆ ನೆಲ, ಅಡ್ಡಲಾಗಿ ಒಂದು ಒಡ್ಡು. ಮೇಲಿನ ಹೊಲಗಳಿಂದ ಹರಿದುಬಂದ ನೀರು ಅಲ್ಲಿ ನಿಂತು, ಹೊತ್ತು ತಂದ ಮಣ್ಣನ್ನು ಬಿಟ್ಟು, ಮೂಲೆಯ ತಗ್ಗಿನಿಂದ ಮುಂದೆ ಹೋಗುತ್ತದೆ. ಆ ತಗ್ಗಿನ ಅಂಚಿನುದ್ದಕ್ಕೂ ಎದೆಯೆತ್ತರದ ಹುಲ್ಲಿನ ಬುಡಗಳು. ಚಿಗವ್ವ ಅದನ್ನು ಬರೀ ಒಡ್ಡಿನ ಹುಲ್ಲು ಅನ್ನುತ್ತಾಳೆ. ಬಾದಾಮಿ ಹತ್ತಿರದ ತವರುಮನೆ ಚೊಳಚಗುಡ್ಡದ ಹೊಳೆ ದಂಡೆಯಿಂದ ತಾನೇ ತಂದು ಹಚ್ಚಿದ್ದು ಎಂದು ಒಮ್ಮೆ ಹೇಳಿದ್ದಳು. ತಾನು ಮದುವೆಯಾಗಿ ಬಂದಾಗಲೇ ಅದು ಇಲ್ಲಿತ್ತು ಎಂದು ಇನ್ನೊಮ್ಮೆ. ಎರಡನ್ನೂ ಬರೆದಿಟ್ಟುಕೊಂಡಿದ್ದೇನೆ.

ಹೋದ ವರ್ಷ ಮಳೆಗೆ ಮೊದಲು ಅಲ್ಲಿ ಕೂತಿದ್ದಾಗ ಕೈಗೆ ಸಿಕ್ಕ ಒಂದು ಹೆಂಟೆ ಪುಡಿಯಾಯಿತು. ನನ್ನ ಕೊಡದ ಲಾವಂಚದ್ದೇ ವಾಸನೆ. ಮೋಡ ಕವಿದಿತ್ತು ಎಂದು ಬರೆಯಲು ಮನಸ್ಸಾಗುತ್ತದೆ, ಆದರೆ ಅಂದು ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ನನ್ನ ನೆರಳು ಚೂಪಾಗಿ ಬಿದ್ದಿದೆ. ಎಲೆ ಹರಿದು ಮೂಸಿದೆ, ಏನೂ ಇಲ್ಲ. ಹೂವಿನ ಕಡ್ಡಿಯಲ್ಲೂ ಇಲ್ಲ. ಹಾಗಾದರೆ ಈ ವಾಸನೆ ಎಲ್ಲಿಂದ ಶುರುವಾಗುತ್ತದೆ? ಗುದ್ದಲಿ ಹಿಡಿದೆ. ಬೇರು ನೇರ ಕೆಳಗೇ ಹೋಗಿತ್ತು. ಮೊಣಕಾಲುದ್ದ ಅಗೆದರೂ ತುದಿ ಸಿಗಲಿಲ್ಲ. ಮೂರು ಬುಡ ಕಿತ್ತೆ. ಬೇರು ಕತ್ತರಿಸಿ ಚೀಲಕ್ಕೆ ತುಂಬಿ, ಮೇಲಿನದನ್ನು ಎಮ್ಮೆಯ ಮುಂದೆ ಹಾಕಿದೆ. ಉಪಕಾರ ಮಾಡಿದೆ ಅನಿಸಿತ್ತು.

ಸಂಜೆ ಚಿಗವ್ವ ಚೀಲ ಬಿಚ್ಚಿ ನೋಡಿದಳು.

"ಎಲ್ಲಿಂದ ಕಿತ್ತಿ?"

"ತಗ್ಗಿನ ಬಾಜೂದಾಗಿಂದ."

"ನಡುವಿಂದೋ, ತುದೀದೋ?"

"ನಡುವಿಂದು."

ಅವಳು ಚೀಲ ಕೆಳಗಿಟ್ಟಳು. "ಭಾಳ ಶಾಣ್ಯಾ ಅದಿ. ಒಂದು ದೊಡ್ಡ ಮಳಿ ಬಂದ್ರ ನೀರು ಅದ ತೂತಿನಾಗ ಹೊಕ್ಕು ಒಡ್ಡ ಕಡೀತೈತಿ. ನಿಮ್ಮ ಕಾಕಾ ಇದ್ದಾಗಿಂದ ಕೂಡಿದ ಮಣ್ಣು, ಒಂದ ದಿನದಾಗ ಹಳ್ಳಕ್ಕ ಹೋಗ್ತೈತಿ. ಅದರ ತಲಿ ಎಲ್ಲಿ ಇಟ್ಟಿ?"

"ಯಾವ ತಲಿ?"

"ಹುಲ್ಲಿನ ತಲಿ ಲೇ. ನಿಂದಲ್ಲ, ನಿಂದು ಇದ್ರೂ ಉಪಯೋಗ ಇಲ್ಲ."

ಎಮ್ಮೆಗೆ ಹಾಕಿದೆ ಎಂದಾಗ ಅವಳು ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಬೇರು ತೆಗೆದವರು ಮೇಲಿನ ಗಂಟನ್ನು ಎರಡು ಬೆರಳು ಬೇರಿನ ಸಮೇತ ಅದೇ ಕುಣಿಗೆ ತಿರುಗಿ ಹಚ್ಚಬೇಕಂತೆ. ನಾನು ಬೀಜವನ್ನೇ ದನಕ್ಕೆ ಹಾಕಿ ಹೊಟ್ಟು ಮನೆಗೆ ತಂದಂತಾಗಿತ್ತು.

ಎಮ್ಮೆ ಮೇಯುವ ಗ್ವಾದಲಿಯ ಹತ್ತಿರ ಹೋದೆವು. ಎಮ್ಮೆ ಎಳೆ ಗರಿ ತಿಂದು ಗಟ್ಟಿ ಗಂಟುಗಳನ್ನು ಬಿಟ್ಟಿತ್ತು. "ಅದಕ್ಕ ತಿಳಿದೈತಿ ನೋಡು," ಎಂದಳು.

ಮರುದಿನ ಬೆಳಿಗ್ಗೆ ಗಂಟುಗಳನ್ನು ಎರಡು ಮೂರು ಎಸಳಾಗಿ ಸೀಳಿ, ಗರಿಯನ್ನು ಗೇಣುದ್ದಕ್ಕೆ ಕತ್ತರಿಸಿ, ಒಂದು ಮುಷ್ಟಿ ಅಂತರದಲ್ಲಿ ಹಚ್ಚಿದೆವು. ಕುಣಿಗೆ ಕಲ್ಲು ತುಂಬಿದೆವು. ಕೊಡದಲ್ಲಿ ನೀರು ಹೊತ್ತವನು ನಾನು. ಎಷ್ಟು ದಿನ ಹೊತ್ತೆ? ಎಂಟು ಎನ್ನುತ್ತೇನೆ, ಅವಳು ನಾಲ್ಕು ಎನ್ನುತ್ತಾಳೆ.

ಮೊದಲ ಮಳೆ ಸಣ್ಣದು. ಎರಡನೆಯದು ಸುರಿದು ನಿಂತ ಮೇಲೆ ಇಬ್ಬರೂ ಓಡುನಡಿಗೆಯಲ್ಲಿ ಹೋದೆವು. ಹಳೆಯ ಬುಡಗಳ ನಡುವೆ ಕೆಂಪು ನೀರು ತೆಳ್ಳಗೆ ಜಿನುಗುತ್ತಿತ್ತು. ಕೆಂಪಲ್ಲ, ಎರೆ ನೆಲದ ನೀರು ಕಪ್ಪು; ನೆನಪಿನಲ್ಲಿ ಬಾದಾಮಿಯ ಕೆಂಪು ಮಣ್ಣಿನ ಬಣ್ಣ ಬೆರೆತುಬಿಟ್ಟಿತು. ನಾವು ಹಚ್ಚಿದ ಕಡೆ ಒಂದು ಅಂಚು ಕುಸಿದು, ನಾಲ್ಕು ಎಸಳು ಕೊಚ್ಚಿಹೋಗಿದ್ದವು. ಕಲ್ಲು ಕದಲಿರಲಿಲ್ಲ. ಉಳಿದ ಎಸಳುಗಳ ಹಿಂದೆ ಬೆರಳು ದಪ್ಪ ಹೊಸ ಮಣ್ಣು ಕೂತಿತ್ತು.

ಚಿಗವ್ವ ಕುಕ್ಕರಗಾಲಲ್ಲಿ ಕೂತು ಕುಸಿದ ಅಂಚಿಗೆ ಕೆಸರು ಮೆತ್ತತೊಡಗಿದಳು. ನಾನು ಒಂದು ಎಸಳನ್ನು ಮೆಲ್ಲಗೆ ಹಿಡಿದೆ, ಹೊಸ ಬೇರು ಎಷ್ಟು ಇಳಿದಿದೆ, ಈಗಲೇ ವಾಸನೆ ಬಂದಿದೆಯೇ ನೋಡಬೇಕಿತ್ತು.

"ಕೈ ತೆಗಿ," ಎಂದಳು, ತಿರುಗಿಯೂ ನೋಡದೆ.

ತೆಗೆದೆ.