ಬಿಸಿಲಿಗಿಟ್ಟ ಪಲ್ಲೇಡಿಯಂ

ನಮ್ಮ ಮನೆಯಲ್ಲಿ ಒದ್ದೆ ವಸ್ತುವನ್ನು ಒದ್ದೆಯಾಗಿಯೇ ಬಿಟ್ಟವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರು ನಾವು. ಕಣದಲ್ಲಿ ಕಾಫಿ ಹರವಿದ ದಿನ ಮೋಡ ಮುಸುಕಿದರೆ ಅವ್ವ ಆಕಾಶವನ್ನೇ ಗದರುತ್ತಿದ್ದಳು. ಎಂ.ಎಸ್ಸಿ. ಮುಗಿಸಿ ಮಡಿಕೇರಿಯ ಕಾಲೇಜೊಂದಕ್ಕೆ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದಾಗ ಆ ಬುದ್ಧಿಯನ್ನೂ ಟ್ರಂಕಿನ ಜೊತೆ ತಂದಿದ್ದೆ. ರಾಜ್ಯಕ್ಕಿನ್ನೂ ಮೈಸೂರು ಎಂದೇ ಹೆಸರಿತ್ತು. ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು, ಅದರ ಜಂಭ ಬೇರೆ.

ನಮ್ಮ ಮುಖ್ಯಸ್ಥರು ಕೊಡವರು, ಮುಂಗೋಪಿ. ಪಲ್ಲೇಡಿಯಂ ಎಂಬ ಲೋಹ ಒಂದು ಅಣುವಿನ ಇಂಗಾಲವನ್ನು ಇನ್ನೊಂದರ ಇಂಗಾಲಕ್ಕೆ ಜೋಡಿಸಬಲ್ಲದು ಎಂದು ವಿದೇಶಿ ಪತ್ರಿಕೆಯಲ್ಲಿ ಓದಿದಾಗಿನಿಂದ ಅವರಿಗೆ ಬೇರೆ ಮಾತೇ ಇರಲಿಲ್ಲ. "ನಮ್ಮ ಕೊಡವರ ಮದುವೆಯಲ್ಲಿ ಹಿರಿತನ ವಹಿಸೋ ಅರುವನ ಹಾಗೆ ಇದು. ಮುಂದೆ ನಿಂತು ಸಂಬಂಧ ಕೂಡಿಸ್ತಾನೆ, ಆಮೇಲೆ ತನ್ನ ಪಾಡಿಗೆ ತಾನು ಮನೆಗೆ ಹೋಗ್ತಾನೆ," ಎನ್ನುತ್ತಿದ್ದರು. ಬೆಂಗಳೂರಿನ ಗೆಳೆಯರನ್ನು ಕಾಡಿ ಬೇಡಿ ಚಿಟಿಕೆಯಷ್ಟು ತರಿಸಿ, ಇದ್ದಿಲ ಪುಡಿಗೆ ಅಂಟಿಸಿದ್ದರು.

ಜೋಡಣೆಗೆ ಕೈಹಾಕುವ ಮುನ್ನ ಪುಡಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಹೈಡ್ರೋಜನ್ ಹಾಯಿಸಿ ನೋಡಿದೆವು. ಮಾಡಿತು. ಅದನ್ನು ಸೋಸಿ, ಮೆಥನಾಲಿನಲ್ಲಿ ತೊಳೆಯುವ ಕೆಲಸ ನನ್ನದು. "ತೊಳೆದ ಕೂಡಲೇ ನೀರಿನಲ್ಲಿಡು. ಒಣಗಿಸಬೇಡ," ಎಂದು ಸ್ಪಷ್ಟವಾಗಿ ಹೇಳಿ ಅವರು ಪಾಠಕ್ಕೆ ಹೋದರು.

ಕಣದಲ್ಲಿ ಒಂದು ದಿನವೂ ನಿಂತಿರದ ಗಂಡಸಿಗೆ ಏನು ಗೊತ್ತು ಎಂದುಕೊಂಡೆ. ಇಷ್ಟು ಕಷ್ಟಪಟ್ಟು ತಂದ ಪುಡಿ ತೇವದಲ್ಲಿ ಕೆಟ್ಟುಹೋದರೆ? ಸೋಸುಕಾಗದದ ಸಮೇತ ಕಿಟಕಿಯ ಹಲಗೆಯ ಮೇಲೆ, ಎಳೆ ಬಿಸಿಲಿಗೆ ತೆಳ್ಳಗೆ ಹರವಿ, ಗಾಜಿನ ಸಾಮಾನು ತೊಳೆಯಲು ಹೋದೆ.

ತಿರುಗಿ ನೋಡುವಷ್ಟರಲ್ಲಿ, ಹೈಡ್ರೋಜನ್ ಹೀರಿದ್ದ ಪುಡಿ ಒಣಗಿ, ಗಾಳಿ ತಾಕಿದ್ದೇ ತಾನಾಗಿ ಕೆಂಡವಾಗಿತ್ತು. ಕಾಗದ ಹೊತ್ತಿಕೊಂಡಿತು, ಹಿಂದೆಯೇ ಪರದೆ. ನಾನು ಕಿರುಚುತ್ತಾ ನಿಂತೆ, ಅಷ್ಟೇ. ಓಡಿ ಬಂದವನು ನಮ್ಮ ಅಟೆಂಡರ್, ಪಾಲಿಬೆಟ್ಟದ ಎಸ್ಟೇಟ್ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ ಹುಟ್ಟಿ ಬೆಳೆದ, ನಲವತ್ತು ದಾಟಿದ ಮನುಷ್ಯ. ಆರು ವರ್ಷ ಟೆಂಪರರಿಯಾಗಿ ದುಡಿದಿದ್ದ. ಆ ತಿಂಗಳು ಅವನನ್ನು ಕಾಯಂ ಮಾಡುವುದಿತ್ತು. ಬರಿಗೈಯಲ್ಲೇ ಪರದೆ ಕಿತ್ತೆಳೆದು ಬಕೆಟ್ ನೀರು ಸುರಿದ. ಬೆಂಕಿ ಆರಿತು. ಪಲ್ಲೇಡಿಯಂ ಕಪ್ಪು ನೀರಾಗಿ ಮೋರಿ ಸೇರಿತು.

ಮುಖ್ಯಸ್ಥರು ಬಂದವರೇ ಕಿಟಕಿ ನೋಡಿದರು. ಒರೆಸುವ ಬಟ್ಟೆಗಳನ್ನು ಅಟೆಂಡರ್ ದಿನಾ ಒಣಹಾಕುತ್ತಿದ್ದದ್ದು ಅಲ್ಲೇ.

"ಲೈನಿನ ಬುದ್ಧಿ ಇಲ್ಲಿಗೂ ತಂದ್ಯಾ? ಕಂಡದ್ದೆಲ್ಲ ಒಣಗಿಸೋದಾ?"

"ನಾನು ಮುಟ್ಲಿಲ್ಲ ಸಾರ್. ಮೇಡಂ ಇಲ್ಲೇ ಇದ್ರಲ್ಲ, ಕೇಳಿ."

ಅವನು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಭಯವಿರಲಿಲ್ಲ. ನಾನು ಹೇಳುತ್ತೇನೆಂದು ಅವನಿಗೆ ಅನುಮಾನವೇ ಇರಲಿಲ್ಲ. ಅಂಗೈಯಲ್ಲಿ ಬೊಬ್ಬೆ ಏಳತೊಡಗಿತ್ತು.

"ನಾನು ನೋಡಲಿಲ್ಲ ಸಾರ್," ಎಂದೆ.

ಇನ್ನೂ ಒಂದು ಮಾತು ಸೇರಿಸಿದೆ. ಅದನ್ನು ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ. "ನಾನು ಗಾಜು ತೊಳೀತಿದ್ದೆ. ಯಾರು ಇಟ್ಟರೋ ಗೊತ್ತಿಲ್ಲ." ಆ ಹೊತ್ತು ಲ್ಯಾಬಿನಲ್ಲಿ ಕೆಲಸಕ್ಕಿದ್ದದ್ದೇ ನಾವಿಬ್ಬರು.

ಅವನನ್ನು ಕೆಲಸದಿಂದ ತೆಗೆದರು. ವಾರದೊಳಗೆ ಪಾಲಿಬೆಟ್ಟಕ್ಕೆ, ಅದೇ ಎಸ್ಟೇಟಿನ ಕೂಲಿಗೆ, ವಾಪಸಾದ. ಮುಂದಿನ ವರ್ಷ ಬಸ್ಸಿನಲ್ಲಿ ಆ ದಾರಿಯಾಗಿ ಹೋಗುವಾಗ, ರಸ್ತೆ ಪಕ್ಕದ ಕಣದಲ್ಲಿ ಅವನು ಕಾಫಿ ತಿರುವಿಹಾಕುತ್ತಿದ್ದದ್ದು ಕಂಡಿತು. ಇಳಿಯಬೇಕು ಅನ್ನಿಸಿತು. ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ತಲೆ ಬಗ್ಗಿಸಿ ಕೂತೆ. ನನ್ನಷ್ಟು ಹೇಡಿ ಆ ಬಸ್ಸಿನಲ್ಲಿ ಇನ್ನೊಬ್ಬರಿರಲಿಲ್ಲ.

ಮುಖ್ಯಸ್ಥರು ತೀರಿಕೊಂಡ ಮೇಲಾದರೂ ನಿಜ ಹೇಳಬಹುದಿತ್ತು, ಹೆದರುವುದಕ್ಕೆ ಯಾರೂ ಉಳಿದಿರಲಿಲ್ಲ. ಆದರೆ ನಾನು ಮಾಡಿದ್ದೇ ಬೇರೆ. ಲೆಕ್ಚರರ್ ಆದೆ, ಆಮೇಲೆ ಪ್ರೊಫೆಸರ್ ಆದೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಪಲ್ಲೇಡಿಯಂ ಪುಡಿಯನ್ನು ಯಾಕೆ ಒಣಗಿಸಬಾರದು ಎಂದು ಪಾಠ ಮಾಡುತ್ತಿದ್ದೆ. "ನಮ್ಮಲ್ಲಿ ಒಬ್ಬ ಅಟೆಂಡರ್ ಇದ್ದ, ಎಸ್ಟೇಟಿನವನು. ಕಾಫಿ ಅಂದುಕೊಂಡು ಬಿಸಿಲಿಗೆ ಹರವಿಬಿಟ್ಟ," ಎನ್ನುತ್ತಿದ್ದೆ. ಇಡೀ ಕ್ಲಾಸು ನಗುತ್ತಿತ್ತು. ನಗು ನಿಲ್ಲುವವರೆಗೆ ಕಾದು, ನಾನೂ ಸ್ವಲ್ಪ ನಕ್ಕು, ಪಾಠ ಮುಂದುವರಿಸುತ್ತಿದ್ದೆ.