ಕೊಡದ ಗುಳಿಗೆ

ಅವ್ವನ ರಕ್ತವನ್ನು ಥೈರಾಯ್ಡ್ ಪರೀಕ್ಷೆಗೆ ಹಾಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಪುಣೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಟೆಕ್ನಿಷಿಯನ್. ಅವ್ವ ಅದೇ ಆಸ್ಪತ್ರೆಯ ಐಸಿಯುನಲ್ಲಿ, ನ್ಯುಮೋನಿಯಾ ಮೈಗೆಲ್ಲ ನಂಜಾಗಿ ಏರಿ, ವೆಂಟಿಲೇಟರ್ ಹಾಕಿಸಿಕೊಂಡು ಮಲಗಿದ್ದಳು. ದಿನಾ ಬೆಳಿಗ್ಗೆ ಅವಳ ರಕ್ತ ಮೇಲಿನಿಂದ ನನ್ನ ಲ್ಯಾಬಿಗೆ ಬರುತ್ತಿತ್ತು. ಡಾಕ್ಟರು ಬರೆದ ಪರೀಕ್ಷೆಗಳೆಲ್ಲ ಮುಗಿದ ಮೇಲೂ ಟ್ಯೂಬಿನಲ್ಲಿ ಒಂದಿಷ್ಟು ಸೀರಮ್ ಉಳಿಯುತ್ತಿತ್ತು. ಮನೆಯವರು ಐಸಿಯುನಲ್ಲಿದ್ದರೆ ಬೇರೆ ಜನ ದೇವರ ಮುಂದೆ ಕೂರುತ್ತಾರೆ. ನಮ್ಮ ಕಸುಬಿನವರಿಗೆ ಇನ್ನೊಂದು ಟೆಸ್ಟ್ ಹಾಕಲು ಕೈ ತುರಿಸುತ್ತದೆ. ನಾಲ್ಕನೇ ದಿನ ಹಾಕಿಯೇಬಿಟ್ಟೆ.

ಅದು ಥೈರಾಯ್ಡೇ ಯಾಕೆ ಎಂದರೆ, ನನ್ನದೇ ಕಥೆ ಇದೆ. ಎರಡನೇ ಹೆರಿಗೆಯ ನಂತರ ಎರಡು ವರ್ಷ ನಾನು ಸದಾ ದಣಿದಿರುತ್ತಿದ್ದೆ. ಮನೆಯಲ್ಲಿ ಸೋಮಾರಿ ಎಂದರು, ಡಾಕ್ಟರೊಬ್ಬರು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಕೊನೆಗೆ ಒಂದು ರಿಪೋರ್ಟು ನನ್ನ ಮಾನ ಉಳಿಸಿತು. ಅಂದಿನಿಂದ ದಿನಾ ಖಾಲಿ ಹೊಟ್ಟೆಯಲ್ಲಿ ಒಂದು ಗುಳಿಗೆ ನುಂಗುತ್ತೇನೆ, ಮತ್ತು ಮನುಷ್ಯರಿಗಿಂತ ಹೆಚ್ಚಾಗಿ ಅಂಕಿಗಳನ್ನು ನಂಬುತ್ತೇನೆ.

ಅವ್ವನ ಅಂಕಿಗಳು ಬಂದವು. ಟಿ-ಮೂರು ಇದೆಯೋ ಇಲ್ಲವೋ ಎಂಬಷ್ಟು. ಟಿ-ನಾಲ್ಕೂ ಕಡಿಮೆ. ಮೈಯ ಬೆಂಕಿಯನ್ನು ಉರಿಸುವ ಹಾರ್ಮೋನುಗಳೇ ಇವು. ಯಂತ್ರ ಎರಡರ ಎದುರಿಗೂ ಕೆಂಪು ಗುರುತು ಹಾಕಿತ್ತು. ಕಾಗದ ಹಿಡಿದು ಮೆಟ್ಟಿಲು ಹತ್ತಿ ಓಡಿದೆ.

ಐಸಿಯು ನೋಡಿಕೊಳ್ಳುತ್ತಿದ್ದ ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕವರು, ಮೆಲುದನಿಯ ಹೆಂಗಸು. ಕರಾವಳಿಯಿಂದ ಬಂದು ಇಲ್ಲಿ ಹೋಟೆಲ್ ನಡೆಸಿದವರ ಮಗಳು. ಕಾಗದವನ್ನು ಪೂರ್ತಿ ಓದಿ, "ಇದನ್ನು ಬರೆದುಕೊಟ್ಟವರು ಯಾರು?" ಎಂದರು.

"ನಾನs ಹಾಕೀನ್ರಿ. ತಪ್ಪಾತು. ಆದ್ರ ಈಗ ಗೊತ್ತಾತಲ್ಲ, ಹಾರ್ಮೋನ್ ಶುರು ಮಾಡ್ರಿ."

"ಮಾಡುವುದಿಲ್ಲ," ಎಂದರು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಂದು ಅದಕ್ಕೆ ಅಲ್ಲಿಯೂ ಜಾಗ ಸಾಲಲಿಲ್ಲ. ಒಂದು ಸಣ್ಣ ಗುಳಿಗೆ, ಮೂಗಿನ ನಳಿಕೆಯಲ್ಲಿ ಅರೆದು ಹಾಕಿದರೆ ಮುಗಿಯಿತು, ಅದಕ್ಕೂ ಜಿಪುಣತನವೇ ಎಂದು ಎಲ್ಲರೆದುರು ಕೂಗಾಡಿದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದರು.

"ಅಪ್ಪನ ಹೋಟೆಲಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ನಾಲ್ಕು ಒಲೆಯಲ್ಲಿ ಮೂರನ್ನು ಆರಿಸಿಬಿಡ್ತಿದ್ರು. ಒಲೆ ಹಾಳಾಗಿದೆ ಅಂತ ಅಲ್ಲ, ಗ್ಯಾಸ್ ಉಳಿಸಲಿಕ್ಕೆ. ಇಷ್ಟು ದೊಡ್ಡ ಕಾಯಿಲೆ ಬಂದಾಗ ಮೈ ಕೂಡ ಹಾಗೇ ಮಾಡ್ತದೆ. ನಾವು ಹೋಗಿ ಎಲ್ಲ ಒಲೆ ಹಚ್ಚಿದರೆ ಈಗ ಅವರ ಹೃದಯಕ್ಕೆ ತಡೆದುಕೊಳ್ಳಲಿಕ್ಕೆ ಆಗುವುದಿಲ್ಲ. ಗ್ರಂಥಿಯೇ ಕೆಟ್ಟಿದ್ದರೆ ಟಿಎಸ್ಎಚ್ ಎಷ್ಟಿರಬೇಕಿತ್ತು, ನೀವೇ ಹೇಳಿ."

ಕಾಗದವನ್ನು ಮತ್ತೆ ಕೈಗೆ ತೆಗೆದುಕೊಂಡೆ. ಟಿಎಸ್ಎಚ್ ಎಂದರೆ ತಲೆಯೊಳಗಿಂದ ಥೈರಾಯ್ಡಿಗೆ ಹೋಗುವ ಹುಕುಂ. ಗ್ರಂಥಿ ಕೆಟ್ಟಾಗ ಅದು ಮುಗಿಲು ಮುಟ್ಟುತ್ತದೆ. ಅವ್ವನದು ಮಿತಿಯೊಳಗೇ, ಅದರ ಕೆಳತುದಿಯಲ್ಲಿತ್ತು. ಸಾವಿರಾರು ರಿಪೋರ್ಟು ಕಂಡ ನಾನು ಕೆಂಪು ಗುರುತುಗಳನ್ನಷ್ಟೇ ನೋಡಿ, ಮೂರನೆಯ ಸಾಲನ್ನು ಬಿಟ್ಟಿದ್ದೆ. ಆದರೂ ಸೋಲೊಪ್ಪುವ ಪೈಕಿ ನಾನಲ್ಲ. ಹುಕುಂ ಕೊಡುವ ಜಾಗವೇ ಕೆಟ್ಟಿದ್ದರೆ, ಎಂದು ಮರುಪ್ರಶ್ನೆ ಹಾಕಿದೆ.

"ಆಗಬಹುದು," ಎಂದರು ಅವರು, ನನಗೆ ಅಚ್ಚರಿಯಾಗುವಂತೆ. "ಅದನ್ನೂ ನೋಡ್ತೇನೆ."

ಆ ಜಾಗ ಸರಿಯಿದೆಯೇ ಎಂದು ತಿಳಿಯಲು ಆಗಲೇ ಅಧಿಕೃತವಾಗಿ ಮತ್ತೊಂದು ರಕ್ತಪರೀಕ್ಷೆ ಬರೆದರು. ಅವ್ವನ ಹತ್ತಿರ ಹೋಗಿ ಕುತ್ತಿಗೆ ಮುಟ್ಟಿ ನೋಡಿದರು, ಹುಬ್ಬಿನ ತುದಿಯ ಕೂದಲು ಉದುರಿದೆಯೇ ಎಂದು ನೋಡಿದರು. ಕಾಯಿಲೆಗೆ ಮುಂಚೆ ಮಲಬದ್ಧತೆ ಇತ್ತೇ, ಬಿಸಿಲಲ್ಲೂ ಚಳಿ ಎನ್ನುತ್ತಿದ್ದಳೇ ಎಂದು ಕೇಳಿದರು. ನಾನು ನಗಬೇಕೋ ಅಳಬೇಕೋ. ಧನಕವಡಿಯ ನಮ್ಮ ಮನೆಯಲ್ಲಿ ಜನವರಿಯಲ್ಲೂ ಫ್ಯಾನ್ ಹಾಕುವವಳು ಅವ್ವ ಒಬ್ಬಳೇ. ಕೊನೆಗೆ ಡಾಕ್ಟರು ಹೊದಿಕೆ ಸರಿಸಿ, ಹಿಮ್ಮಡಿಯ ಮೇಲಿನ ನರವನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಪಾದ ತಟಕ್ಕನೆ ಜಿಗಿದು, ಅಷ್ಟೇ ಬೇಗ ಮರಳಿತು. ಥೈರಾಯ್ಡ್ ನಿಜಕ್ಕೂ ಸೋತಿದ್ದರೆ ಪಾದ ನಿಧಾನವಾಗಿ ಮರಳುತ್ತದೆ ಎಂದರು. ಆಮೇಲೆ ಅವ್ವನ ಕಾಲಿಗೆ ಹೊದಿಕೆಯನ್ನು ಸರಿಯಾಗಿ ಹೊದಿಸಿದರು.

ಸಂಜೆ ಪುಣೆಯ ಇನ್ನೊಂದು ಬದಿಯ ಖಡಕಿಯಿಂದ ತಮ್ಮ ಬಂದ. "ಅಕ್ಕಾ, ನೀ ಹೂಂ ಅಂದ್ರ ನಾಳೆನs ಬ್ಯಾರೆ ದವಾಖಾನಿಗೆ ಒಯ್ಯೋಣು. ಅಲ್ಲಿಯವ್ರು ಕೊಡ್ತಾರ," ಎಂದ. ಯಂತ್ರ ಉಸಿರಾಡಿಸುತ್ತಿದ್ದ ಜೀವವನ್ನು ಆಂಬುಲೆನ್ಸಿಗೆ ಹಾಕಿ ಪುಣೆಯ ಟ್ರಾಫಿಕ್ಕಿಗೆ ಒಡ್ಡುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಬಿಟ್ಟು ಸುಮ್ಮನಿದ್ದರೆ, ಆ ಗುಳಿಗೆಯಿಲ್ಲದೆ ಅವ್ವ ಹೋಗಿಬಿಟ್ಟರೆ? ತಮ್ಮ ನನ್ನ ಉತ್ತರಕ್ಕೆ ಕಾಯುತ್ತಿದ್ದ. ಕಣ್ಣ ಮುಂದೆ ಬಂದದ್ದು ಆ ಹೊದಿಕೆ ಹೊದಿಸಿದ ಕೈ. "ಬ್ಯಾಡ. ಆ ಡಾಕ್ಟರ್ ಮ್ಯಾಲೆ ಬಿಡೋಣು," ಎಂದೆ. ನನ್ನ ಜೀವನದಲ್ಲಿ ಅಷ್ಟು ಹೆದರಿ ಆಡಿದ ಮಾತು ಇನ್ನೊಂದಿಲ್ಲ.

ಹುಕುಂ ಕೊಡುವ ಜಾಗದ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ, ಆದರೂ ದಿನಾ ಬೆಳಿಗ್ಗೆ ಹನ್ನೊಂದು ಗಂಟೆಗೆ ಡಾಕ್ಟರು ಬರುತ್ತಿದ್ದರು. ನಾಡಿ, ಬಿಪಿ, ಮೈಬಿಸಿ, ಸೋಡಿಯಂ, ಆಮೇಲೆ ಹಿಮ್ಮಡಿ. ಒಂದು ದಿನವೂ ತಪ್ಪಿಸಲಿಲ್ಲ. ಮಾಡುವುದಿಲ್ಲ ಎಂದು ಹೇಳಿ ಕೈ ತೊಳೆದುಕೊಂಡ ಡಾಕ್ಟರುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮಾಡುವುದಿಲ್ಲ ಎಂಬುದನ್ನು ಇಷ್ಟು ಕಷ್ಟಪಟ್ಟು ಮಾಡಿದವರಲ್ಲಿ ಇವರೊಬ್ಬರನ್ನೇ ಕಂಡದ್ದು. ನಾನು ಮುಖ ಗಂಟಿಕ್ಕಿಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದೆ. ಅವರು ಮಾತ್ರ ದಿನಾ "ತಿಂಡಿ ಆಯ್ತಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು.

ಒಂಬತ್ತನೇ ದಿನ ವೆಂಟಿಲೇಟರ್ ತೆಗೆದರು. ಹನ್ನೆರಡನೇ ದಿನ ಅವರೇ ಬರೆದುಕೊಟ್ಟ ಪರೀಕ್ಷೆಯಲ್ಲಿ ಟಿಎಸ್ಎಚ್ ಮಿತಿ ದಾಟಿ ಮೇಲೇರಿತ್ತು. ಮತ್ತೆ ಕೆಂಪು ಗುರುತು. ಬುದ್ಧಿ ಬಂದಿತ್ತು ಅಂದುಕೊಂಡಿದ್ದೆ, ಎಲ್ಲಿಯದು? ಮತ್ತೆ ಮೆಟ್ಟಿಲು, ಮತ್ತೆ ಓಟ. "ಈಗಂತೂ ಕೊಡ್ತೀರಿಲ್ರಿ?"

ಅವರು ಕಾಗದ ನೋಡಿ ಮೊದಲ ಸಲ ಬಾಯ್ತುಂಬ ನಕ್ಕರು. "ಇದಕ್ಕೇ ಕಾಯ್ತಿದ್ದೆ. ಮೈ ಚೇತರಿಸಿಕೊಳ್ಳುವಾಗ ಹುಕುಂ ಹೀಗೆ ಸ್ವಲ್ಪ ಜೋರಾಗಿಯೇ ಬರ್ತದೆ. ಇಳೀತದೆ, ನೋಡ್ತಿರಿ."

ಪಕ್ಕದ ಮಂಚದಿಂದ ಅವ್ವನ ಒಡಕು ದನಿ ಕೇಳಿತು. "ಈ ಚಾದಾಗ ಸಕ್ಕರಿನs ಹಾಕಿಲ್ಲ." ನಾನು ಅಲ್ಲೇ ಗೋಡೆಗೆ ಆತು ಗಳಗಳನೆ ಅತ್ತುಬಿಟ್ಟೆ.

ಎರಡು ತಿಂಗಳ ನಂತರ ಅವ್ವ ತಾನೇ ನಡೆದು ಅವರ ಕೋಣೆಗೆ ಬಂದಳು. ಅಂದಿನ ರಿಪೋರ್ಟಿನಲ್ಲಿ ಮೂರೂ ಅಂಕಿ ಸರಿಯಾಗಿದ್ದವು. ಒಂದು ಗುಳಿಗೆಯನ್ನೂ ಕೊಟ್ಟಿರಲಿಲ್ಲ. ಅಂದು ಕೊಟ್ಟು ಅವ್ವ ಉಳಿದಿದ್ದರೆ ನಾನು ಗುಳಿಗೆಗೇ ಕೈಮುಗಿದು, ಅವಳಿಗೆ ಸಾಯುವವರೆಗೂ ನುಂಗಿಸುತ್ತಿದ್ದೆ. ನನಗೆ ನಾಚಿಕೆಯಾಯಿತು. ಅವ್ವನ ಮುಂದೆಯೇ ಎಲ್ಲ ಹೇಳಿದೆ, ಕದ್ದು ಹಾಕಿದ ಟೆಸ್ಟು, ಕೂಗಾಟ, ಎಲ್ಲ.

ಅವ್ವ ನನ್ನನ್ನು ಮೇಲೆ ಕೆಳಗೆ ನೋಡಿ ಡಾಕ್ಟರ ಕಡೆ ತಿರುಗಿದಳು. "ಈಕಿ ಸಿಟ್ಟಿಗೆ ಇವ್ರಪ್ಪನs ಹೆದರ್ತಿದ್ರು. ನೀವು ಹೆದರಲಿಲ್ಲಲ್ರಿ, ಭಾಳ ಗಟ್ಟಿ ಇದ್ದೀರಿ."

"ಹೆದರಿದ್ದೆ ಅಮ್ಮ," ಎಂದರು ಅವರು. "ಸಿಟ್ಟಿಗಲ್ಲ. ಇವರು ಹೇಳಿದ್ದೇ ನಿಜವಾಗಿಬಿಟ್ಟರೆ ಅಂತ. ದಿನಾ ಬೆಳಿಗ್ಗೆ ನಿಮ್ಮ ಕಾಲು ನೋಡುವವರೆಗೆ ನನಗೆ ತಿಂಡಿ ಇಳೀತಿರಲಿಲ್ಲ."